ಜಿಲೇಬಿಗೆ ಹಾಕಿದ ಗಾಳಕ್ಕೆ ಕಾಟ್ಲಾ ಬಿದ್ದರೆ

ಪುಣೆಯಲ್ಲಿರುವ ನಮ್ಮ ಕಡೆಯವರಲ್ಲಿ ಗಾಳದ ಹುಚ್ಚು ಹತ್ತಿಸಿಕೊಂಡವರು ಕಡಿಮೆಯೇನಿಲ್ಲ. ಭೋಸರಿ, ಚಿಂಚವಡದ ಕಾರ್ಖಾನೆಗಳಲ್ಲಿ ದುಡಿಯುವ ವಿಜಯಪುರ, ಕಲಬುರಗಿಯ ಹುಡುಗರು, ಹೋಟೆಲ್ ನಡೆಸುವ ಕುಂದಾಪುರದವರು, ಹಿಂಜವಡಿಯ ಕಂಪ್ಯೂಟರ್ ಮಂದಿ, ಎಲ್ಲರಲ್ಲೂ ಒಬ್ಬಿಬ್ಬರು ಇದ್ದೇ ಇರುತ್ತಾರೆ. ರವಿವಾರ ಬೆಳಕು ಹರಿಯುವ ಮುಂಚೆ ಸೋಲಾಪುರ ರಸ್ತೆ ಹಿಡಿದು ಸುಮಾರು ನೂರು ಕಿಲೋಮೀಟರ್ ಹೋದರೆ ಭಿಗವಣ. ಅಲ್ಲಿಂದ ಒಳರಸ್ತೆಗೆ ಇಳಿದರೆ ಉಜನಿ ಜಲಾಶಯದ ಹಿನ್ನೀರು. ಭೀಮೆಗೆ ಅಡ್ಡಲಾಗಿ ಕಟ್ಟಿ 1980ರಲ್ಲಿ ಮುಗಿಸಿದ ಈ ಅಣೆಕಟ್ಟು ತುಂಬಿದಾಗ ಹಿಡಿಯುವುದು ಸುಮಾರು 117 ಟಿಎಂಸಿ ನೀರು. ಇದೇ ಭೀಮೆ ಪಂಢರಪುರ ದಾಟಿ ಅಫಜಲಪುರ, ಗಾಣಗಾಪುರದ ಕಡೆ ಹರಿಯುವುದರಿಂದ ನಮ್ಮ ಹುಡುಗರಿಗೆ ಅಲ್ಲಿ ಕೂತರೆ ಊರ ಹೊಳೆಯ ದಂಡೆಯಲ್ಲಿ ಕೂತ ಹಾಗೆಯೇ.

ಬಹಳಷ್ಟು ಜನ ಹೋಗುವುದು ಜಿಲೇಬಿ ಮೀನಿಗೆ. ತಿಲಾಪಿಯಾಕ್ಕೆ ನಾವು ಜಿಲೇಬಿ ಅನ್ನುತ್ತೇವೆ, ಅಲ್ಲಿಯವರು ಚಿಲಾಪಿ ಅನ್ನುತ್ತಾರೆ. ಉಜನಿಯಲ್ಲಿ ಅದಕ್ಕೆ ಬರವಿಲ್ಲ. ಅಂಗೈಯಗಲದ ಮೀನು, ತೆಳುವಾದ ದಾರ, ಸಣ್ಣ ಗಾಳ, ಒಂದು ತುಣುಕು ಎರೆಹುಳು, ಇಷ್ಟಿದ್ದರೆ ಮಧ್ಯಾಹ್ನದೊಳಗೆ ಚೀಲ ತುಂಬುತ್ತದೆ. ಆದರೆ ಅದೇ ನೀರಿನಲ್ಲಿ ಗೆಂಡೆ ಜಾತಿಯ ದೊಡ್ಡ ಮೀನು, ಹತ್ತು ಕಿಲೋದ ಕಾಟ್ಲಾವೂ ಓಡಾಡುತ್ತಿರುತ್ತದೆ. ಅದು ನಿಮ್ಮ ಎರೆಯನ್ನು ನೋಡಿ, ಇದು ನನಗಲ್ಲ ಎಂದು ಪಕ್ಕಕ್ಕೆ ಸರಿಯುವುದಿಲ್ಲ.

ಈ ಬರಹ ದೊಡ್ಡ ಮೀನನ್ನೇ ಅರಸಿ ಹೊರಟವರಿಗಲ್ಲ. ಅವರ ಬಳಿ ಸರಂಜಾಮು ಇರುತ್ತದೆ, ಸಂಗಡ ತಿಳಿದವರೂ ಇರುತ್ತಾರೆ. ಸಣ್ಣದಕ್ಕೆ ಕೂತಿದ್ದು ದೊಡ್ಡದು ಕಚ್ಚಿದಾಗ, ಎದೆ ಢವಢವ ಹೊಡೆದುಕೊಳ್ಳುತ್ತ ಬಾಯಿ ಒಣಗಿದಾಗ, ಏನು ಮಾಡಬೇಕು ಎಂಬುದಷ್ಟೇ ಇಲ್ಲಿನ ವಿಷಯ. ಹಾಗೆ ಕಚ್ಚಿದ ದೊಡ್ಡ ಮೀನುಗಳಲ್ಲಿ ಹೆಚ್ಚಿನವು ತಪ್ಪಿಸಿಕೊಳ್ಳುವುದು ದಾರ ಸಣ್ಣದೆಂದಲ್ಲ, ಹಿಡಿದವನು ಎಳೆದ ಎಂದು.

ಮನೆಯಲ್ಲೇ ಮಾಡಬೇಕಾದ ಕೆಲಸ

ಅನಿರೀಕ್ಷಿತವಾಗಿ ಬರುವ ಮೀನಿಗೆ ತಯಾರಿ ಹಿಂದಿನ ರಾತ್ರಿಯೇ ಆಗಬೇಕು. ಕೋಲು ಏಳೆಂಟು ಅಡಿಯದ್ದಾದರೆ ಸಾಕು. ರೀಲು ಮಧ್ಯಮ ಗಾತ್ರದ್ದಿರಲಿ, ಅದರ ತುಂಬ ದಾರ ಇರಲಿ. ಜಿಲೇಬಿಗೆಂದು 0.20 ಮಿಲಿಮೀಟರ್ ದಾರ ಹಾಕುವವರಿದ್ದಾರೆ. ನನ್ನ ಮಾತು ಕೇಳಿದರೆ 0.28 ಅಥವಾ 0.30ರ ನೈಲಾನ್ ದಾರವನ್ನೇ ಹಾಕಿ, ಕನಿಷ್ಠ ನೂರೈವತ್ತು ಮೀಟರ್. ಉಜನಿಯ ನೀರು ಅಷ್ಟೇನೂ ತಿಳಿಯಾಗಿಲ್ಲ, ಜಿಲೇಬಿ ದಾರದ ದಪ್ಪ ಅಳೆಯುತ್ತ ಕೂರುವುದೂ ಇಲ್ಲ. ಐದು ಕಿಲೋ ತಡೆಯುವ ಇಂಥ ದಾರಕ್ಕೆ ಹತ್ತು ಕಿಲೋ ಮೀನು ಹೇಗೆ ಬರುತ್ತದೆ ಎಂದು ಕೇಳುವವರಿದ್ದಾರೆ. ನೀರಿನಲ್ಲಿರುವ ಮೀನಿಗೆ ಹೆಚ್ಚುಕಡಿಮೆ ತೂಕವೇ ಇಲ್ಲ. ದಾರದ ಮೇಲೆ ಬೀಳುವುದು ಅದು ಈಜುವ ಬಲ. ನೀರಿನಿಂದ ಮೇಲೆತ್ತಿದಾಗ ಮಾತ್ರ ಹತ್ತು ಕಿಲೋ ಪೂರ್ತಿ ದಾರದ ಮೇಲೆ ಕೂರುತ್ತದೆ. ಅದಕ್ಕೇ ದಾರ ಹಿಡಿದು ಮೀನನ್ನು ಎಂದೂ ಎತ್ತಬಾರದು.

ಗಾಳ ಸಣ್ಣದಿರಲಿ, ಅಡ್ಡಿಯಿಲ್ಲ, ಆದರೆ ತಂತಿ ದಪ್ಪಗಿರಬೇಕು. ತೆಳು ತಂತಿಯ ಅಗ್ಗದ ಗಾಳ ದೊಡ್ಡ ಮೀನಿನ ಬಾಯಲ್ಲಿ ನೆಟ್ಟಗಾಗಿಬಿಡುತ್ತದೆ. ತೋರುಬೆರಳಿಗೂ ಹೆಬ್ಬೆರಳಿಗೂ ನಡುವೆ ಹಿಡಿದು ಸ್ವಲ್ಪ ಬಿಡಿಸಿ ನೋಡಿ. ಬೆರಳಿಗೇ ಬಗ್ಗುವ ಗಾಳ ಮೀನಿಗೂ ಬಗ್ಗುತ್ತದೆ.

ಗಂಟು. ಇಲ್ಲಿ ಅವಸರ ಬೇಡ. ದಾರವನ್ನು ಗಾಳದ ಕಣ್ಣಿನಲ್ಲಿ ತೂರಿಸಿ, ತುದಿಯನ್ನು ಮೂಲ ದಾರಕ್ಕೆ ಐದು ಸುತ್ತು ಸುತ್ತಿ, ಕಣ್ಣಿನ ಪಕ್ಕದ ಸಣ್ಣ ಕುಣಿಕೆಯಲ್ಲಿ ತಿರುಗಿ ತೂರಿಸಿ, ಹಾಗೆ ಉಂಟಾದ ದೊಡ್ಡ ಕುಣಿಕೆಯಲ್ಲಿ ಇನ್ನೊಮ್ಮೆ ತೂರಿಸಿ. ಎಳೆದು ಬಿಗಿಯುವ ಮುನ್ನ ಗಂಟನ್ನು ಬಾಯಲ್ಲಿಟ್ಟು ಎಂಜಲು ಮಾಡಿ. ಒಣ ನೈಲಾನ್ ಬಿಗಿಯುವಾಗ ತಿಕ್ಕಾಟಕ್ಕೆ ಬಿಸಿಯಾಗಿ ಅಲ್ಲೇ ಸೊರಗುತ್ತದೆ. ಜಿಲೇಬಿ ಎಳೆದಾಗ ಅದು ಗೊತ್ತಾಗುವುದಿಲ್ಲ, ಕಾಟ್ಲಾ ಎಳೆದಾಗ ಗೊತ್ತಾಗುತ್ತದೆ. ಕಟ್ಟಿದ ಮೇಲೆ ಗಾಳವನ್ನು ಯಾವುದಾದರೂ ಕೊಂಡಿಗೆ ಸಿಕ್ಕಿಸಿ ಕೈಗೆ ಬಟ್ಟೆ ಸುತ್ತಿ ಜಗ್ಗಿ ನೋಡಿ. ಹರಿಯುವುದಿದ್ದರೆ ಮನೆಯಲ್ಲೇ ಹರಿಯಲಿ.

ಇನ್ನು ಡ್ರ್ಯಾಗ್. ರೀಲಿನ ಮೇಲೆ, ಕೆಲವದರಲ್ಲಿ ಹಿಂದೆ, ಒಂದು ತಿರುಪು ಇರುತ್ತದೆ. ಎಷ್ಟು ಜಗ್ಗಿದರೆ ದಾರ ಜಾರಬೇಕು ಎಂಬುದನ್ನು ತೀರ್ಮಾನಿಸುವುದು ಅದೇ. ನಮ್ಮವರು ಬಹಳ ಜನ ಅದನ್ನು ಪೂರ್ತಿ ಬಿಗಿದು ಮರೆತಿರುತ್ತಾರೆ, ಯಾಕೆಂದರೆ ಜಿಲೇಬಿಗೆ ಅದು ಬೇಕಾಗುವುದೇ ಇಲ್ಲ. ದಾರ ತಡೆಯುವ ಬಲದ ಮೂರರಲ್ಲಿ ಅಥವಾ ನಾಲ್ಕರಲ್ಲಿ ಒಂದು ಭಾಗಕ್ಕೆ ಡ್ರ್ಯಾಗ್ ಜಾರಬೇಕು. ಅಳೆಯುವುದು ಸುಲಭ. ಒಂದು ಲೀಟರ್ ನೀರಿನ ಬಾಟಲಿ ತುಂಬಿಸಿದರೆ ಒಂದು ಕಿಲೋ ಚಿಲ್ಲರೆ. ಅದರ ಕುತ್ತಿಗೆಗೆ ದಾರ ಕಟ್ಟಿ, ಕೋಲನ್ನು ಓರೆಯಾಗಿ ಹಿಡಿದು ನಿಧಾನಕ್ಕೆ ಎತ್ತಿ. ಬಾಟಲಿ ನೆಲ ಬಿಡುವಷ್ಟರಲ್ಲಿ ರೀಲು ಕಿರ್ರೆಂದು ದಾರ ಬಿಡತೊಡಗಿದರೆ ಐದು ಕಿಲೋ ದಾರಕ್ಕೆ ಸರಿಯಾಯಿತು. ಬಾಟಲಿ ಸಲೀಸಾಗಿ ಮೇಲೆ ಬಂದು ತೂಗಾಡಿದರೆ ತಿರುಪು ಸಡಿಲಿಸಿ. ಪಕ್ಕದ ಮನೆಯವರು ನೋಡಿ ನಕ್ಕರೆ ನಗಲಿ.

ಚೀಲದಲ್ಲಿ ಇಕ್ಕಳ, ಕತ್ತರಿ, ಅಳತೆ ಟೇಪು, ಒಂದು ದೊಡ್ಡ ಟವೆಲ್ ಇರಲಿ. ಎರಡು ಅಡಿ ಬಾಯಿಯ ಕೈಬಲೆ ಇದ್ದರೆ ಒಳ್ಳೆಯದು. ಆದರೆ ಜಿಲೇಬಿಗೆ ಹೊರಟವನು ಅಷ್ಟು ದೊಡ್ಡ ಬಲೆ ಹೊರುವುದಿಲ್ಲ ಎಂಬುದು ನನಗೂ ಗೊತ್ತು. ಬಲೆಯಿಲ್ಲದ ದಾರಿಯನ್ನೂ ಮುಂದೆ ಹೇಳುತ್ತೇನೆ.

ಎಲ್ಲಿ ಕೂರಬೇಕು, ಯಾರನ್ನು ಕೇಳಬೇಕು

ಮಹಾರಾಷ್ಟ್ರದ ಜಲಾಶಯಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಸಾಮಾನ್ಯವಾಗಿ ಮೀನುಗಾರರ ಸಹಕಾರ ಸಂಘಗಳಿಗೋ ಗುತ್ತಿಗೆದಾರರಿಗೋ ಕೊಟ್ಟಿರುತ್ತಾರೆ. ಕಾಟ್ಲಾ, ರೋಹುವಿನ ಮರಿಗಳನ್ನು ದುಡ್ಡು ಹಾಕಿ ತಂದು ಬಿಡಲಾಗಿರುತ್ತದೆ. ಆದ್ದರಿಂದ ದಂಡೆಗೆ ಇಳಿಯುವ ಮುಂಚೆ ದೋಣಿಯವರನ್ನು ಕೇಳಿ. ಭಿಗವಣ ಕಡೆಯ ಭೋಯಿ ಸಮಾಜದವರು ತಲೆಮಾರುಗಳಿಂದ ಮೀನು ಹಿಡಿದು ಬಂದವರು. “ಕಾಕಾ, ಇಲ್ಲಿ ಕೂರಲೇ?” ಎಂದು ಹರಕುಮುರಕು ಮರಾಠಿಯಲ್ಲಿ ಕೇಳಿದರೂ ಸಾಕು, ಕೂರುವ ಜಾಗ, ನೀರಿನ ಆಳ, ತಳದಲ್ಲಿ ಎಲ್ಲೆಲ್ಲಿ ಬೊಡ್ಡೆಗಳಿವೆ ಎಂಬುದೆಲ್ಲ ತಾವಾಗಿಯೇ ಹೇಳುತ್ತಾರೆ. ಖಡಕವಾಸಲಾ, ಪಾನಶೇತ್‌ಗಳ ನೀರು ಪುಣೆಗೆ ಕುಡಿಯಲು ಹೋಗುವಂಥದ್ದು. ಅಲ್ಲಿ ಕಟ್ಟೆಯ ಹತ್ತಿರ ಸುಳಿಯಲೂ ಬೇಡಿ. ಮುಂಬಯಿಯವರು ಪವಾಯಿ ಕೆರೆಗೆ ಹೋಗುವುದಾದರೆ ಅಲ್ಲಿನ ಗಾಳದವರ ಸಂಘದ ಅನುಮತಿ ಪಡೆದೇ ಹೋಗಿ. ಆ ಕೆರೆಯಲ್ಲಿ ಮೊಸಳೆಗಳಿವೆ ಎಂಬುದೂ ತಲೆಯಲ್ಲಿರಲಿ. ದೇಹುವಿನ ಬಳಿ ಇಂದ್ರಾಯಣಿಯಲ್ಲಿ ಗಾಳ ಹಾಕುವ ಯೋಚನೆಯೇ ಬೇಡ. ಶೃಂಗೇರಿಯ ತುಂಗೆ, ಶಿಶಿಲದ ಕಪಿಲೆಯಲ್ಲಿ ಹೇಗೋ ಅಲ್ಲೂ ಹಾಗೆಯೇ, ಅವು ದೇವರ ಮೀನು.

ಜಾಗ ಆರಿಸುವಾಗ ಮೀನು ಎಲ್ಲಿ ಕಚ್ಚೀತು ಎಂಬುದನ್ನು ಮಾತ್ರ ನೋಡಬೇಡಿ. ಕಚ್ಚಿದ ಮೇಲೆ ಅದನ್ನು ಎಲ್ಲಿಗೆ ತಂದು ನಿಲ್ಲಿಸುತ್ತೀರಿ ಎಂಬುದನ್ನೂ ನೋಡಿ. ನೀವು ಕೂತಲ್ಲಿಂದ ಹತ್ತಿಪ್ಪತ್ತು ಹೆಜ್ಜೆಯಲ್ಲಿ ಇಳಿಜಾರಾದ, ಕಲ್ಲುಮುಳ್ಳಿಲ್ಲದ ದಂಡೆ ಒಂದಿರಬೇಕು. ಉಜನಿ ತುಂಬಿದಾಗ ಹಳ್ಳಿಗಳೇ ಮುಳುಗಿದವು. ಪಳಸದೇವದ ಹಳೆಯ ಗುಡಿ ಬೇಸಿಗೆಯಲ್ಲಿ ನೀರು ತೀರ ಇಳಿದಾಗ ಈಗಲೂ ಮೇಲೆ ಕಾಣಿಸುತ್ತದೆ. ಗುಡಿ ಇದ್ದಲ್ಲಿ ಗೋಡೆ, ಬಾವಿ, ಜಾಲಿಯ ಬೊಡ್ಡೆ ಎಲ್ಲವೂ ಇರುತ್ತವೆ. ದೊಡ್ಡ ಮೀನು ಓಡುವುದು ಅಲ್ಲಿಗೇ.

ಇನ್ನೊಂದು ಮಾತು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹಿನ್ನೀರಿನ ದಂಡೆಯುದ್ದಕ್ಕೂ ಕಬ್ಬಿನ ಗದ್ದೆಯವರ ಪಂಪ್‌ಸೆಟ್‌ಗಳಿವೆ. ಕರೆಂಟಿನ ವೈರು ನೆಲದ ಮೇಲೆ, ಕೆಲವು ಕಡೆ ನೀರಿನೊಳಗೇ ಹೋಗಿರುತ್ತದೆ, ತಲೆಯ ಮೇಲೂ ತೂಗುತ್ತಿರುತ್ತದೆ. ಕಾರ್ಬನ್ ಕೋಲಿನಲ್ಲಿ ವಿದ್ಯುತ್ ಹರಿಯುತ್ತದೆ. ಮೀನು ಕಚ್ಚಿದಾಗ ನೀವು ಕೋಲು ಎತ್ತುತ್ತೀರಿ, ಮೇಲೆ ನೋಡುವುದಿಲ್ಲ. ಹಾಗಾಗಿ ಕೂರುವ ಮುಂಚೆಯೇ ನೋಡಿ.

ಮೊದಲ ಹತ್ತು ಸೆಕೆಂಡು

ಕಾಟ್ಲಾ ಕಚ್ಚಿದ್ದು ಮೊದಲಿಗೆ ಗೊತ್ತಾಗುವುದೇ ಇಲ್ಲ. ಅದರ ಬಾಯಿ ಮೇಲ್ಮುಖವಾಗಿರುತ್ತದೆ, ತಿನ್ನುವುದು ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು. ಎರೆಯನ್ನು ಕಚ್ಚಿ ಎಳೆಯುವುದಕ್ಕಿಂತ ನೀರಿನ ಜತೆ ಹೀರಿಕೊಳ್ಳುತ್ತದೆ. ಜಿಲೇಬಿಯಾದರೆ ದಾರಕ್ಕೆ ಕಟ್ಟಿ ತೇಲಿಬಿಟ್ಟ ಬೆಂಡು ಟಕಟಕನೆ ಕುಣಿಯುತ್ತದೆ. ಕಾಟ್ಲಾ ಬಂದಾಗ ಬೆಂಡು ಸ್ವಲ್ಪ ಎದ್ದು, ಓರೆಯಾಗಿ, ಆಮೇಲೆ ಸದ್ದಿಲ್ಲದೆ ಮುಳುಗುತ್ತದೆ. ನೀವು ಕೋಲೆತ್ತುತ್ತೀರಿ. ಆ ಕಡೆ ಏನೂ ಅಲುಗುವುದಿಲ್ಲ. ಬೊಡ್ಡೆಗೆ ಸಿಕ್ಕಿತು ಎಂದುಕೊಳ್ಳುತ್ತೀರಿ. ಅಷ್ಟರಲ್ಲಿ ಆ ಬೊಡ್ಡೆ ನಿಧಾನಕ್ಕೆ ನಡೆಯತೊಡಗುತ್ತದೆ.

ಒಂದು ಸಂಜೆ ನಮ್ಮ ಗುಂಪಿನ ಇಂಡಿ ತಾಲ್ಲೂಕಿನ ಹುಡುಗನೊಬ್ಬನಿಗೆ ಹೀಗೇ ಆಯಿತು. ಚಿಂಚವಡದಲ್ಲಿ ಲೇತ್ ಮಷೀನಿನ ಮೇಲೆ ಕೆಲಸ ಮಾಡುವವನು, ಗಟ್ಟಿ ಕೈ. “ಅಣ್ಣಾ, ಬುಡಕ್ಕ ಸಿಕ್ಕೈತಿ ನೋಡ್ರಿ” ಎಂದ. ಮರುಕ್ಷಣವೇ ಕೋಲು ನೀರಿನ ಕಡೆ ಬಾಗಿತು. ಅವನು ಎರಡೂ ಕೈಯಿಂದ ಕೋಲನ್ನು ಎದೆಗೆ ಅವುಚಿ ಹಿಂದಕ್ಕೆ ವಾಲಿದ. ಹತ್ತು ಮಂದಿ ಹತ್ತು ಮಾತು: ಎಳಿ, ಬಿಡು, ಎತ್ತು, ಇಳಿಸು. ಅಲ್ಲೇ ದೋಣಿಯಲ್ಲಿ ಬಲೆ ಬಿಡಿಸುತ್ತಿದ್ದ ಮುದುಕರೊಬ್ಬರು ತಲೆಯನ್ನೂ ಎತ್ತದೆ “ಸೋಡ ರೇ, ಸೈಲ ಸೋಡ” ಎಂದರು. ಸಡಿಲು ಬಿಡು ಅಂತ. ಹುಡುಗ ಎಡಗೈಯಲ್ಲಿ ತಿರುಪನ್ನು ಅರ್ಧ ಸುತ್ತು ಸಡಿಲಿಸಿದ್ದೇ ತಡ, ರೀಲು ಚೀರಿಕೊಂಡಿತು, ದಾರ ನೀರನ್ನು ಸೀಳುತ್ತ ಹೋಯಿತು. ಅವನ ಮೊಣಕಾಲು ನಡುಗುತ್ತಿದ್ದುದು ನಮಗೆಲ್ಲ ಕಾಣುತ್ತಿತ್ತು. ಮುಖದಲ್ಲಿ ಮಾತ್ರ ಹಲ್ಲುಕಿರಿತ.

ಆ ಮುದುಕರ ಮಾತೇ ಮೊದಲ ಸೂತ್ರ. ಕೋಲನ್ನು ಓರೆಯಾಗಿ ಮೇಲಕ್ಕೆ ಹಿಡಿಯಿರಿ, ನೆಟ್ಟಗೆ ಆಕಾಶಕ್ಕೂ ಬೇಡ, ಮೀನಿನತ್ತ ಚಾಚಿಯೂ ಬೇಡ. ಕೋಲು ಬಾಗಿದ್ದರೆ ಅದೇ ಅರ್ಧ ಕೆಲಸ ಮಾಡುತ್ತದೆ. ರೀಲಿನ ಹಿಡಿಯಿಂದ ಕೈ ತೆಗೆಯಿರಿ. ಮೀನು ಓಡುತ್ತಿರುವಾಗ ಹಿಡಿ ತಿರುಗಿಸಿದರೆ ದಾರ ಒಂದಿಂಚೂ ಒಳಕ್ಕೆ ಬರುವುದಿಲ್ಲ, ಸುರುಳಿ ಸುರುಳಿಯಾಗಿ ತಿರುಚಿಕೊಳ್ಳುತ್ತದೆ, ಅಷ್ಟೇ. ಓಡಲು ಬಿಡಿ. ಸಂಕ್ರಾಂತಿಗೆ ಗಾಳಿಪಟ ಹಾರಿಸಿದವರಿಗೆ ಢೀಲು ಕೊಡುವುದು ಗೊತ್ತಲ್ಲ, ಅದೇ ಕೈ ಇಲ್ಲೂ ಬೇಕು. ದಾರ ಹೋಗುತ್ತಿರಬೇಕು, ಆದರೆ ಜೋತು ಬೀಳಬಾರದು.

ಒಂದು ಎಚ್ಚರಿಕೆ. ದಾರ ಅರ್ಧಕ್ಕಿಂತ ಹೆಚ್ಚು ಹೊರಗೆ ಹೋದಾಗ ಗಾಬರಿಯಿಂದ ಡ್ರ್ಯಾಗ್ ಬಿಗಿಯುವವರೇ ಹೆಚ್ಚು. ಮಾಡಬೇಕಾದದ್ದು ಅದಕ್ಕೆ ತದ್ವಿರುದ್ಧ. ರೀಲಿನ ಮೇಲೆ ದಾರ ಕಡಿಮೆಯಾದಂತೆ ಸುರುಳಿಯ ವ್ಯಾಸ ಕುಗ್ಗುತ್ತದೆ. ವ್ಯಾಸ ಅರ್ಧವಾದರೆ ತಿರುಪನ್ನು ಮುಟ್ಟದೆಯೇ ಡ್ರ್ಯಾಗಿನ ಬಲ ಎರಡು ಪಟ್ಟಾಗುತ್ತದೆ. ಅದರ ಮೇಲೆ ನೀರಿನಲ್ಲಿ ಎಳೆಯುತ್ತಿರುವ ಅಷ್ಟುದ್ದ ದಾರದ ತಡೆ ಬೇರೆ. ಆದ್ದರಿಂದ ದಾರ ದೂರ ಹೋದಷ್ಟೂ ತಿರುಪು ಸಡಿಲಾಗಬೇಕು. ತೀರ ಮುಗಿಯುವಂತಿದ್ದರೆ ಮೀನು ಹೋದ ದಿಕ್ಕಿಗೆ ದಂಡೆಯ ಮೇಲೆ ನಡೆಯಿರಿ. ನೀರಿಗೆ ಮಾತ್ರ ಇಳಿಯಬೇಡಿ. ಉಜನಿಯ ಕೆಸರು ಮೇಲೆ ಒಣಗಿದಂತೆ ಕಾಣುತ್ತದೆ, ಕಾಲಿಟ್ಟರೆ ತೊಡೆಯವರೆಗೆ ನುಂಗುತ್ತದೆ.

ರೀಲಿಲ್ಲದೆ ಬರಿಗೈಯಲ್ಲಿ ದಾರ ಹಿಡಿದು ಕೂರುವ ಅಭ್ಯಾಸ ಊರ ಕಡೆಯವರಿಗೆ ಇನ್ನೂ ಇದೆ. ದಾರವನ್ನು ಬೆರಳಿಗೋ ಮಣಿಕಟ್ಟಿಗೋ ಎಂದೂ ಸುತ್ತಿಕೊಳ್ಳಬೇಡಿ. ದೊಡ್ಡ ಮೀನು ಎಳೆದರೆ ನೈಲಾನ್ ಚರ್ಮ ಸೀಳಿ ಮಾಂಸಕ್ಕೆ ಇಳಿಯುತ್ತದೆ, ಬಿಡಿಸಿಕೊಳ್ಳಲು ಸಮಯವೂ ಇರುವುದಿಲ್ಲ. ದಾರವನ್ನು ಮರದ ಹಲಗೆಗೆ ಸುತ್ತಿಟ್ಟುಕೊಂಡು, ಅಂಗೈಯಲ್ಲಿ ಬಟ್ಟೆ ಹಿಡಿದು ಅದರ ಮೂಲಕ ಜಾರಿಸಿ. ರೀಲಿಲ್ಲದ ಬಿದಿರುಕೋಲಿನವರಿಗೆ ಇರುವುದು ಒಂದೇ ಉಪಾಯ, ಕೋಲಿನ ತುದಿಯನ್ನು ಮೀನಿನ ಹಿಂದೆ ತಿರುಗಿಸುತ್ತ ದಂಡೆಯುದ್ದಕ್ಕೂ ನಡೆಯುವುದು.

ಏನು ಸಿಕ್ಕಿದೆ ಎಂದು ಕೈಗೇ ತಿಳಿಯುತ್ತದೆ

ಮೊದಲ ಓಟ ನಿಂತ ಮೇಲೆ ಉಸಿರು ಬಿಡಲು ಅರೆನಿಮಿಷ ಸಿಗುತ್ತದೆ. ಆಗ ದಾರದ ಮಾತು ಕೇಳಿ. ಕಾಟ್ಲಾ ಭಾರವಾಗಿ ತಲೆ ಕೊಡವುತ್ತದೆ, ದಡಕ್, ದಡಕ್ ಎಂದು ಕೈಗೆ ತಟ್ಟುತ್ತದೆ, ನಡುನೀರಿನಲ್ಲೇ ದೊಡ್ಡ ಸುತ್ತು ಹಾಕುತ್ತದೆ. ರೋಹು ಚುರುಕು, ದಿಕ್ಕು ಬದಲಿಸುತ್ತ ಓಡುತ್ತದೆ. ಸಾಮಾನ್ಯ ಗೆಂಡೆ ತಳ ಹಿಡಿದು ಜೊಂಡಿನೊಳಗೆ ನುಗ್ಗುತ್ತದೆ. ಬಾಳೆ ಮೀನು, ಅಲ್ಲಿಯವರ ಶಿವಡಾ, ಆಳಕ್ಕೆ ಇಳಿದು ಹೊರಳಾಡುತ್ತದೆ. ಅದರ ಬಾಯ ತುಂಬ ಸಣ್ಣ ಚೂಪು ಹಲ್ಲುಗಳಿರುವುದರಿಂದ ಬರಿ ನೈಲಾನ್ ದಾರ ಉಳಿದರೆ ಅದೃಷ್ಟ. ಜಗ್ಗಾಟವೇ ಇಲ್ಲದೆ ಒಂದೇ ಸಮನೆ ಸತ್ತ ಭಾರ ಎಳೆದಂತಾದರೆ ಅದು ಆಮೆ ಇರಬಹುದು. ಆಮೆ ಕಾಯಿದೆಯ ರಕ್ಷಣೆಯಲ್ಲಿರುವ ಪ್ರಾಣಿ. ಗಾಳ ಬಿಡಿಸಿ, ಆಗದಿದ್ದರೆ ಬಾಯಿಯ ಹತ್ತಿರದಲ್ಲೇ ದಾರ ಕತ್ತರಿಸಿ, ಅಲ್ಲೇ ಬಿಡಬೇಕು.

ಸಹ್ಯಾದ್ರಿಯ ಮಗ್ಗುಲಲ್ಲಿ, ಮುಳಶಿ, ಲೋಣಾವಳಾ ಕಡೆ, ಇನ್ನೊಂದು ಸಾಧ್ಯತೆಯಿದೆ. ಮಹಶೀರ್, ತುಳುವರ ಪೆರುವೊಳು. ಅದರ ಮೊದಲ ಓಟ ಇವು ಯಾವುದರಂತೆಯೂ ಅಲ್ಲ. ಡ್ರ್ಯಾಗ್ ಬಿಗಿದಿದ್ದರೆ ನಿಮಗೆ ಏನಾಯಿತೆಂದು ತಿಳಿಯುವ ಮುಂಚೆ ದಾರ ಹೋಗಿರುತ್ತದೆ. ಡೆಕ್ಕನ್ ಮಹಶೀರ್ ಎಂದು ಕರೆಯುವ ಈ ಜಾತಿಯನ್ನು ಸೈಕ್ಸ್ ಎಂಬ ಬ್ರಿಟಿಷ್ ಅಧಿಕಾರಿ 1839ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದ್ದು ಪುಣೆಯ ಮುಳಾ-ಮುಠಾ ನದಿಯ ಮೀನಿನಿಂದಲೇ. ಇವತ್ತು ಸಂಗಮದ ಸೇತುವೆಯ ಮೇಲೆ ಮೂಗು ಮುಚ್ಚಿಕೊಂಡು ದಾಟುವವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ಲೋಣಾವಳಾದ ವಳವಣದಲ್ಲಿ ಟಾಟಾ ಪವರ್‌ನವರು 1970ರ ದಶಕದಿಂದ ಇದರ ಮರಿ ಮಾಡಿಸಿ ಬೇರೆ ಬೇರೆ ನೀರುಗಳಿಗೆ ಕಳಿಸುತ್ತ ಬಂದಿದ್ದಾರೆ. ಮಹಶೀರ್ ಸಿಕ್ಕಿದರೆ ಮನೆಗೆ ಒಯ್ಯುವ ಮಾತೇ ಬೇಡ, ಬಿಟ್ಟುಬಿಡಿ. ಇದರಲ್ಲಿ ನನಗೆ ಎರಡನೆಯ ಅಭಿಪ್ರಾಯವಿಲ್ಲ.

ನಡುವಿನ ಹೊತ್ತು

ಮೀನು ನಿಂತಾಗ ನಿಮ್ಮ ಸರದಿ. ಹಿಡಿಯನ್ನು ಗರಗರ ತಿರುಗಿಸಿ ಎಳೆಯುವುದಲ್ಲ. ಕೋಲನ್ನು ನಿಧಾನಕ್ಕೆ ಮೇಲೆತ್ತಿ, ಅದರ ಬಾಗಿನಿಂದಲೇ ಮೀನನ್ನು ಒಂದೆರಡು ಅಡಿ ಹತ್ತಿರ ತನ್ನಿ. ಆಮೇಲೆ ಕೋಲನ್ನು ಇಳಿಸುತ್ತ, ಇಳಿಸುವಾಗ ಮಾತ್ರ ದಾರ ಸುತ್ತಿಕೊಳ್ಳಿ. ಎತ್ತು, ಇಳಿಸುತ್ತ ಸುತ್ತು. ಮತ್ತೆ ಎತ್ತು. ನಡುವೆ ಅದು ಓಡಿದರೆ ಕೈ ತೆಗೆದು ನಿಲ್ಲಿ. ಎಂಟು ಹತ್ತು ಕಿಲೋ ಮೀನಾದರೆ ಹದಿನೈದು ಇಪ್ಪತ್ತು ನಿಮಿಷ ಹೀಗೇ ನಡೆಯುತ್ತದೆ. ತೋಳು ನೋಯುತ್ತದೆ, ಬೆವರು ಕಣ್ಣಿಗಿಳಿಯುತ್ತದೆ, ಪಕ್ಕದವನು ಫೋನ್ ಮುಖಕ್ಕೇ ಹಿಡಿದು ವಿಡಿಯೋ ಮಾಡುತ್ತಿರುತ್ತಾನೆ.

ಈ ಹೊತ್ತಿನಲ್ಲಿ ಗೆಳೆಯರಿಗೆ ಕೆಲಸ ಹಂಚಿ. ಒಬ್ಬ ಉಳಿದ ಕೋಲುಗಳ ದಾರವನ್ನೆಲ್ಲ ಮೇಲೆಳೆದುಕೊಳ್ಳಲಿ, ಇಲ್ಲದಿದ್ದರೆ ಮೀನು ಅವನ್ನೆಲ್ಲ ಸೇರಿಸಿ ಹೆಣೆದುಬಿಡುತ್ತದೆ. ಒಬ್ಬ ದಂಡೆಯ ಮೇಲಿನ ಕಲ್ಲು, ಚಪ್ಪಲಿ, ಬಾಟಲಿ ಸರಿಸಲಿ. ಸಲಹೆ ಕೊಡುವವನು ಒಬ್ಬನೇ ಇರಲಿ. ಕೋಲನ್ನು ಮಾತ್ರ ಯಾರ ಕೈಗೂ ದಾಟಿಸಬೇಡಿ. “ನಾ ಎಳೀತೀನಿ ಕೊಡು” ಎನ್ನುವ ಅಣ್ಣಂದಿರು ಎಲ್ಲ ಗುಂಪಿನಲ್ಲೂ ಇರುತ್ತಾರೆ. ಕೈ ಬದಲಾಗುವ ಆ ಒಂದು ಕ್ಷಣದಲ್ಲಿ ದಾರ ಜೋತು ಬೀಳುತ್ತದೆ, ಗಾಳ ಕಳಚುತ್ತದೆ. ಇದು ಕಚ್ಚಿಸಿದವನ ಮೀನು. ಹೋದರೂ ಅವನ ಕೈಯಿಂದಲೇ ಹೋಗಲಿ.

ಮೀನು ಬೊಡ್ಡೆಯ ಕಡೆಗೋ ಜೊಂಡಿನ ಕಡೆಗೋ ನುಗ್ಗಿದರೆ ಮೇಲಕ್ಕೆ ಎಳೆದು ತಡೆಯಲಾಗುವುದಿಲ್ಲ. ಕೋಲನ್ನು ಪಕ್ಕಕ್ಕೆ ಇಳಿಸಿ, ನೀರಿಗೆ ಸಮಾನವಾಗಿ, ಅದು ಹೋಗುವ ದಿಕ್ಕಿನ ಎದುರು ದಿಕ್ಕಿಗೆ ಒತ್ತಡ ಕೊಡಿ. ತಲೆ ತಿರುಗಿದರೆ ಮೈಯೂ ತಿರುಗುತ್ತದೆ. ಆದರೂ ಸಿಕ್ಕಿಹಾಕಿಕೊಂಡಿತೇ? ಜಗ್ಗಬೇಡಿ. ದಾರವನ್ನು ಪೂರ್ತಿ ಸಡಿಲಬಿಟ್ಟು ಎರಡು ಮೂರು ನಿಮಿಷ ಸುಮ್ಮನೆ ನಿಲ್ಲಿ. ಎಳೆತ ನಿಂತಿತು ಎಂದು ಮೀನು ತಾನಾಗಿಯೇ ಬಂದ ದಾರಿಯಲ್ಲಿ ಹೊರಗೆ ಬರುವುದುಂಟು. ಈ ಎರಡು ನಿಮಿಷ ಸುಮ್ಮನಿರುವುದು ಇಡೀ ಕೆಲಸದಲ್ಲಿ ಅತಿ ಕಷ್ಟದ್ದು.

ದಂಡೆಯ ಹತ್ತಿರ

ಕೈಗೆ ಬಂದ ತುತ್ತು ಬಾಯಿಗೆ ಬರದೆ ಹೋಗುವುದು ಇಲ್ಲಿಯೇ. ಮೀನು ಮೊದಲ ಬಾರಿ ಮೇಲೆ ಬಂದು, ಹೊಂಬಣ್ಣದ ಬೂದು ಮಗ್ಗುಲು ತೋರಿಸಿ, ಬಟ್ಟಲಿನಷ್ಟಗಲ ಬಾಯಿ ತೆರೆದಾಗ ಎಲ್ಲರೂ ಕೂಗುತ್ತಾರೆ, ಒಬ್ಬ ನೀರಿಗೆ ಧುಮುಕುತ್ತಾನೆ. ಮೀನು ನಿಮ್ಮನ್ನು ನೋಡಿ ಕೊನೆಯ ಓಟ ಕೀಳುತ್ತದೆ. ದೂರದಲ್ಲಿದ್ದಾಗ ಅಷ್ಟುದ್ದದ ನೈಲಾನ್ ಹಿಗ್ಗಿ ಏಟನ್ನು ನುಂಗಿಕೊಳ್ಳುತ್ತಿತ್ತು. ಈಗ ಹೊರಗಿರುವುದು ಎರಡು ಮೂರು ಮೀಟರ್ ದಾರ, ಹಿಗ್ಗಲು ಜಾಗವಿಲ್ಲ, ಪಟ್ ಎಂದು ಹರಿಯುತ್ತದೆ. ಆದ್ದರಿಂದ ಮೀನು ಕಣ್ಣಿಗೆ ಕಂಡೊಡನೆ ತಿರುಪನ್ನು ಇನ್ನೂ ಸ್ವಲ್ಪ ಸಡಿಲಿಸಿ. ಅದು ಓಡಲಿ. ಮತ್ತೆ ತನ್ನಿ. ಮಗ್ಗುಲಾಗಿ ಮಲಗಿ, ಬಾಯಿ ನೀರಿನ ಮೇಲೆ ಬಂದು ಗಾಳಿ ಗುಟುಕರಿಸಿದ ಮೇಲೆಯೇ ಹತ್ತಿರ ಎಳೆಯಬೇಕು.

ಬಲೆ ಇದ್ದರೆ ಅದನ್ನು ನೀರಿನಲ್ಲಿ ಮುಳುಗಿಸಿ ಅಲುಗಾಡದೆ ಹಿಡಿದಿರಿ, ಮೀನನ್ನು ತಲೆಯ ಕಡೆಯಿಂದ ಅದರ ಮೇಲೆ ತನ್ನಿ, ಆಮೇಲೆ ಎತ್ತಿ. ಬಲೆ ಹಿಡಿದು ಮೀನನ್ನು ಅಟ್ಟಿಸಿಕೊಂಡು ಹೋದರೆ ಬಲೆಯ ಅಂಚು ದಾರಕ್ಕೆ ತಾಗಿ ಕೆಲಸ ಕೆಡುತ್ತದೆ. ಬಲೆ ಇಲ್ಲದಿದ್ದರೆ ಮೊದಲೇ ನೋಡಿಟ್ಟ ಇಳಿಜಾರಿನ ದಂಡೆಗೆ ಹೋಗಿ, ಕೋಲನ್ನು ಬಾಗಿಸಿಕೊಂಡೇ ಹಿಂದಕ್ಕೆ ಹೆಜ್ಜೆಯಿಟ್ಟು ಮೀನನ್ನು ಅರ್ಧ ನೀರು ಅರ್ಧ ನೆಲಕ್ಕೆ ಜಾರಿಸಿ. ಇಬ್ಬರು ಲುಂಗಿಯೊಂದನ್ನು ಒದ್ದೆ ಮಾಡಿ ಎರಡು ತುದಿ ಹಿಡಿದು ಅದರ ಹೊಟ್ಟೆಯಡಿ ತೂರಿಸಿದರೆ ತೊಟ್ಟಿಲಾಗುತ್ತದೆ. ಇಂಡಿಯ ಹುಡುಗನ ಮೀನು ಮೇಲೆ ಬಂದದ್ದು ಹಾಗೆಯೇ, ನೀಲಿ ಚೌಕಳಿ ಲುಂಗಿಯಲ್ಲಿ.

ಕಿವಿರಿಗೆ ಬೆರಳು ಹಾಕಿ ಎತ್ತಬೇಡಿ, ತಿನ್ನುವ ಮೀನಾದರೆ ಅದು ಬೇರೆ ಮಾತು. ಬಾಳೆ ಮೀನಿನ ಬಾಯೊಳಗೆ ಕೈ ಬೇಡ. ಮೀಸೆಯಿರುವ ಮೀನುಗಳ ಎದೆರೆಕ್ಕೆಯಲ್ಲಿ ಮುಳ್ಳಿರುತ್ತದೆ, ಚುಚ್ಚಿದರೆ ರಾತ್ರಿಯಿಡೀ ಜುಮುಗುಡುತ್ತದೆ. ಗಾಳವನ್ನು ಇಕ್ಕಳದಿಂದ, ಹೋದ ದಾರಿಯಲ್ಲೇ ಹಿಂದಕ್ಕೆ ತಳ್ಳಿ ಬಿಡಿಸಿ.

ತೂಗುವ ಕೊಕ್ಕೆಯಿಲ್ಲದೆ ತೂಕ

ಟೇಪು ತೆಗೆಯಿರಿ. ಮೂತಿಯಿಂದ ಬಾಲದ ಕವಲಿನವರೆಗೆ ಉದ್ದ, ಮೈ ಅತಿ ದಪ್ಪವಿರುವಲ್ಲಿ ಸುತ್ತಳತೆ, ಎರಡೂ ಸೆಂಟಿಮೀಟರಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, 29,000ದಿಂದ ಭಾಗಿಸಿದರೆ ಅಂದಾಜು ಕಿಲೋ ಬರುತ್ತದೆ. ಉದ್ದ 80, ಸುತ್ತಳತೆ 60 ಇದ್ದರೆ ಹತ್ತಿರ ಹತ್ತಿರ ಹತ್ತು ಕಿಲೋ. ಕಾಟ್ಲಾ 30 ಕಿಲೋ ದಾಟಿ ಬೆಳೆಯುವ ಮೀನು; ನಿಮ್ಮದು ಎಷ್ಟೇ ದೊಡ್ಡದಾದರೂ ಅದರ ಅಣ್ಣ ಇನ್ನೂ ನೀರಿನಲ್ಲೇ ಇದ್ದಾನೆ ಎಂದಿಟ್ಟುಕೊಳ್ಳಿ. ಫೋಟೋ ತೆಗೆಯುವಾಗ ಕೂತು, ಮೀನನ್ನು ಅಡ್ಡಲಾಗಿ, ಒಂದು ಕೈ ಬಾಲದ ಬುಡದಲ್ಲಿ, ಒಂದು ಕೈ ಎದೆಯಡಿಯಲ್ಲಿ. ಎರಡೂ ಕೈ ಒದ್ದೆ ಇರಲಿ. ನಿಂತು ಹಿಡಿದರೆ ಅದು ಒಮ್ಮೆ ಕೊಸರಿದರೂ ಕಲ್ಲಿನ ಮೇಲೆ ಬೀಳುತ್ತದೆ.

ಬಿಡುವುದೋ, ಒಯ್ಯುವುದೋ

ಮಳೆಗಾಲದಲ್ಲಿ ಹೊಸನೀರು ಬಂದಾಗ ಈ ಗೆಂಡೆಗಳು ಮೊಟ್ಟೆಯಿಡುವ ಕಾಲ. ಜುಲೈ, ಆಗಸ್ಟಿನಲ್ಲಿ ಹೊಟ್ಟೆಯುಬ್ಬಿದ ಮೀನು ಬಂದರೆ ಬಿಡಿ. ಬಿಡುವುದೆಂದರೆ ಎಸೆಯುವುದಲ್ಲ. ನೀರಿನಲ್ಲಿ ನೆಟ್ಟಗೆ ಹಿಡಿದುಕೊಳ್ಳಿ, ಕಿವಿರು ಆಡುವವರೆಗೆ, ಬಾಲ ತಾನಾಗಿ ನಿಮ್ಮ ಕೈಯನ್ನು ಒದೆಯುವವರೆಗೆ. ಏಪ್ರಿಲ್-ಮೇ ತಿಂಗಳ ಬಿಸಿನೀರಿನಲ್ಲಿ ಪ್ರಾಣವಾಯು ಕಡಿಮೆ, ಸುಧಾರಿಸಿಕೊಳ್ಳಲು ಹೆಚ್ಚು ಹೊತ್ತು ಬೇಕು. ಆಗ ಫೋಟೋ ಎರಡಕ್ಕೆ ಮುಗಿಯಲಿ.

ಒಂದು ಮೀನನ್ನು ಮಾತ್ರ ತಿರುಗಿ ಬಿಡಬಾರದು, ಆಫ್ರಿಕನ್ ಕ್ಯಾಟ್‌ಫಿಶ್, ಮಾರುಕಟ್ಟೆಯಲ್ಲಿ ಮಾಂಗೂರ್ ಎಂದು ಕರೆಯುವುದು. ಸಾಕುವುದನ್ನು ನಮ್ಮ ದೇಶದಲ್ಲಿ ನಿಷೇಧಿಸಲಾಗಿದೆ, ಸಿಕ್ಕಿದ್ದನ್ನೆಲ್ಲ ನುಂಗುತ್ತದೆ. ಸಿಕ್ಕರೆ ಅಲ್ಲಿನ ಮೀನುಗಾರರಿಗೆ ತೋರಿಸಿ.

ತಿನ್ನುವ ವಿಚಾರ. ಪುಣೆ, ಪಿಂಪ್ರಿ-ಚಿಂಚವಡದ ಕೊಳಚೆ ಮುಳಾ-ಮುಠೆಯ ಮೂಲಕ ಭೀಮೆ ಸೇರಿ ಉಜನಿಗೇ ಬರುತ್ತದೆ. ವಯಸ್ಸಾದ ದೊಡ್ಡ ಮೀನು ಆ ನೀರಿನಲ್ಲಿ ವರ್ಷಗಟ್ಟಲೆ ಇದ್ದದ್ದು. ರುಚಿಯಲ್ಲೂ ಹತ್ತು ಕಿಲೋದ ಕಾಟ್ಲಾಕ್ಕಿಂತ ಎರಡು ಕಿಲೋದ್ದು ಮೇಲು. ಕುಂದಾಪುರದವರು ಹೊಳೆಮೀನು ಅಂದರೇ ಮೂಗು ಮುರಿಯುತ್ತಾರೆ, ಅದು ಬೇರೆ ಜಗಳ. ನಾನಾದರೆ ಅಳತೆ ತೆಗೆದುಕೊಂಡು ಬಿಡುತ್ತೇನೆ, ಒಗ್ಗರಣೆಗೆ ಜಿಲೇಬಿ ಸಾಕು. ಒಯ್ಯುವುದಾದರೆ ಸಂಘದವರಿಗೆ ಕೊಡಬೇಕಾದದ್ದನ್ನು ಕೊಟ್ಟು, ಅಲ್ಲೇ ಕೊಯ್ದು ಬರ್ಫದಲ್ಲಿಟ್ಟು ಒಯ್ಯಿರಿ. ಬಿಸಿಲಲ್ಲಿ ನೂರು ಕಿಲೋಮೀಟರ್ ಡಿಕ್ಕಿಯಲ್ಲಿ ಹೊತ್ತು ತಂದರೆ ಮನೆಯವರು ಮೀನಿನ ಜತೆ ನಿಮ್ಮನ್ನೂ ಹೊರಗೆ ಹಾಕುತ್ತಾರೆ.

ಹೊರಡುವ ಮುಂಚೆ ದಾರದ ಕೊನೆಯ ಹತ್ತು ಹದಿನೈದು ಮೀಟರನ್ನು ಬೆರಳ ನಡುವೆ ಜಾರಿಸಿ ನೋಡಿ. ದೊಡ್ಡ ಮೀನು ಎಳೆದಾಡಿದ ಮೇಲೆ ಅಲ್ಲಲ್ಲಿ ತರಚಿ ಒರಟಾಗಿರುತ್ತದೆ. ಅಷ್ಟನ್ನು ಕತ್ತರಿಸಿ, ಹೊಸ ಗಾಳ ಕಟ್ಟಿ. ಕತ್ತರಿಸಿದ ದಾರವನ್ನು ದಂಡೆಯ ಮೇಲೆ ಬಿಡಬೇಡಿ. ಚಳಿಗಾಲದಲ್ಲಿ ಭಿಗವಣಕ್ಕೆ ಫ್ಲೆಮಿಂಗೋ, ಬಾತು, ಕೊಕ್ಕರೆ ಗುಂಪು ಗುಂಪಾಗಿ ಇಳಿಯುತ್ತವೆ, ಅವುಗಳ ಕಾಲಿಗೆ ಅದು ಸುತ್ತಿಕೊಂಡರೆ ಬಿಡಿಸುವವರಿಲ್ಲ. ಖಾಲಿ ನೀರಿನ ಬಾಟಲಿಗೆ ತುಂಬಿ ಮುಚ್ಚಳ ಹಾಕಿ ಪುಣೆಗೆ ತಂದು ಕಸಕ್ಕೆ ಹಾಕಿ.